ಬ್ಲಿಯೋಮೈಸಿನ್ ಚುಚ್ಚಿದ ಮೇಲೆ ಪ್ಲಾಸ್ಟರ್ ಕೀಳಬೇಡಿ

ಹುಟ್ಟಿನಿಂದ ಇರುವ ರಕ್ತನಾಳದ ಗಂಟುಗಳಿಗೆ ಅಲ್ಟ್ರಾಸೌಂಡ್ ನೋಡಿಕೊಂಡು, ಗಂಟನ್ನು ಕುಗ್ಗಿಸುವ ಬ್ಲಿಯೋಮೈಸಿನ್ ಅನ್ನೋ ಔಷಧಿ ಚುಚ್ಚುವುದು ನನ್ನ ಕೆಲಸ. ಮುಖ, ನಾಲಿಗೆ, ಕಣ್ಣಿನ ಸುತ್ತ ಇರುವ ಗಂಟುಗಳಿಗೆ ಈ ಔಷಧಿಯೇ ನನಗೆ ಇಷ್ಟ, ಯಾಕಂದ್ರೆ ಆಮೇಲೆ ಊತ ಕಡಿಮೆ.

ಶುರುವಿನ ದಿನಗಳಲ್ಲಿ ಕೆನ್ನೆಯ ಗಂಟಿಗೆ ಚುಚ್ಚಿಸಿಕೊಂಡಿದ್ದ ಹುಡುಗಿಯೊಬ್ಬಳು ಮೂರು ವಾರ ಬಿಟ್ಟು ಬಂದಳು. ಗಂಟು ಚೆನ್ನಾಗಿ ಇಳಿದಿತ್ತು. ಅವಳಮ್ಮ ಮಾತ್ರ ಅಂಗಿ ಸರಿಸಿ, "ಇದೇನು ಡಾಕ್ಟ್ರೇ, ಎದೆಗೆ ಬರೆ ಹಾಕಿದ ಹಾಗಿದೆಯಲ್ಲ?" ಅಂದರು. ಹೃದಯ ಬಡಿತ ನೋಡಲು ಇಸಿಜಿ ಸ್ಟಿಕರ್ ಅಂಟಿಸಿದ್ದ ಕಡೆಯೆಲ್ಲ ದುಂಡಗಿನ ಕಪ್ಪು ಕಲೆ, ಕೈಮೇಲೆ ಪ್ಲಾಸ್ಟರ್ ಅಗಲದ ಪಟ್ಟಿ. ಸೂಜಿ ಚುಚ್ಚಿದ ಕೆನ್ನೆಯಲ್ಲಿ ಏನೂ ಇಲ್ಲ! ತುಂಬಾ ಬೇಜಾರಾಯಿತು, ತಡೆಯಬಹುದಾಗಿದ್ದ ಕಲೆ ಅದು.

ಔಷಧಿ ಗಂಟಿನೊಳಗೆ ಮಾತ್ರ ಉಳಿಯುವುದಿಲ್ಲ, ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಅದನ್ನು ಒಡೆಯುವ ಕಿಣ್ವ ಚರ್ಮದಲ್ಲಿ, ಶ್ವಾಸಕೋಶದಲ್ಲಿ ಕಡಿಮೆ. ಹಾಗಾಗಿ ಔಷಧಿ ಚರ್ಮದಲ್ಲಿ ಉಳಿದುಕೊಳ್ಳುತ್ತದೆ, ಆ ಹೊತ್ತಲ್ಲಿ ಚರ್ಮವನ್ನು ಎಳೆದರೆ, ಒತ್ತಿದರೆ, ಕೆರೆದರೆ ಅಲ್ಲೇ ಕಪ್ಪಾಗುತ್ತದೆ. ಕೆರೆದ ಗೆರೆಗಳಂತೂ ಚಾಟಿ ಏಟಿನ ಬಾಸುಂಡೆ ಥರ ಕಾಣುತ್ತವೆ.

ಈಗ ಪ್ಲಾಸ್ಟರ್ ಆದಷ್ಟು ಬಳಸುವುದೇ ಇಲ್ಲ. ಕ್ಯಾನುಲಾವನ್ನು (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಗಾಜ್ ಬ್ಯಾಂಡೇಜ್ ಸುತ್ತಿ ನಿಲ್ಲಿಸುತ್ತೇವೆ, ಉಸಿರಿನ ಟ್ಯೂಬನ್ನು ಬಟ್ಟೆಯ ಪಟ್ಟಿಯಲ್ಲಿ ಕಟ್ಟುತ್ತೇವೆ, ಕಣ್ಣಿಗೆ ಟೇಪ್ ಬದಲು ಆಯಿಂಟ್‌ಮೆಂಟ್ ಹಾಕಿ ಒದ್ದೆ ಗಾಜ್ ಇಡುತ್ತೇವೆ, ಬಿಪಿ ಕಫ್ ಕೆಳಗೆ ಹತ್ತಿ ರೋಲ್ ಸುತ್ತುತ್ತೇವೆ. ಇಸಿಜಿ ಸ್ಟಿಕರ್ ಇಲ್ಲದೆ ಅರಿವಳಿಕೆ ಕೊಡಲಾಗುವುದಿಲ್ಲ, ಅಲ್ವಾ? ಅದಕ್ಕೆ ವೈರ್ ಮಾತ್ರ ಬಿಚ್ಚಿ ಸ್ಟಿಕರ್‌ಗಳನ್ನು 48 ಗಂಟೆ ಹಾಗೇ ಬಿಡುತ್ತೇವೆ, ಆಮೇಲೆ ಎಣ್ಣೆ ಹಚ್ಚಿ ನೆನೆಸಿ ನಿಧಾನಕ್ಕೆ ಬಿಡಿಸುತ್ತೇವೆ. ಮಕ್ಕಳ ಉಗುರು ಹಿಂದಿನ ದಿನವೇ ಕತ್ತರಿಸಿರಬೇಕು. ಮೈ ಕಡಿತಕ್ಕೆ ಅಲರ್ಜಿ ಮಾತ್ರೆ ಬರೆದುಕೊಡುತ್ತೇನೆ, ಸೊಳ್ಳೆ ಕಚ್ಚಿದರೂ ಕೆರೆಯಬಾರದು ಅಂತ ಮನೆಯವರಿಗೆ ಹೇಳುತ್ತೇನೆ.

ಕಷ್ಟ ಇರುವುದು ಓಟಿಯಲ್ಲಲ್ಲ, ವಾರ್ಡಿನಲ್ಲಿ. ಎಲ್ಲ ಸರಿಯಾಗಿ ಮಾಡಿ ಕಳಿಸಿದ ಮಗುವಿಗೆ ರಾತ್ರಿ ಪಾಳಿಯ ಸಿಸ್ಟರ್, ಪಾಪ, ಒಳ್ಳೆಯದಕ್ಕೇ ಅಂತ ಸ್ಟಿಕರ್‌ಗಳನ್ನು ಕಿತ್ತು ಮೈ ಒರೆಸಿದ್ದರು. ನಾವು ಅವರಿಗೆ ಹೇಳಿಯೇ ಇರಲಿಲ್ಲ. ಆ ಮಗುವಿಗೂ ಕಲೆ ಬಂತು. ತಿಂಗಳುಗಟ್ಟಲೆ ಕಾದ ಮೇಲೆ ತಿಳಿಯಾಯಿತು, ಆದರೆ ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ. ಅವತ್ತಿನಿಂದ ಫೈಲಿನ ಮೇಲೆ, ಮಂಚದ ತಲೆಯ ಹತ್ತಿರ ಕೆಂಪು ಶಾಯಿಯಲ್ಲಿ ಬರೆದು ಹಾಕುತ್ತೇವೆ: "ಅಂಟಿಸಬೇಡಿ, ಕೀಳಬೇಡಿ". ಕೆಳಗೆ 48 ಗಂಟೆ ಮುಗಿಯುವ ಸಮಯವನ್ನೂ ಬರೆದಿರುತ್ತೇವೆ.