ಆಷಾಢದ ಅಡ್ಡಗಾಳಿಯಲ್ಲಿ ಥ್ರಾಟಲ್ ಬಿಡಬೇಡಿ

ಚಿತ್ರದುರ್ಗದಲ್ಲಿ ಮಳೆಗೆ ಬರ ಇರಬಹುದು, ಗಾಳಿಗೆ ಇಲ್ಲ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢ ಬಂತೆಂದರೆ ಹುಡುಗರು ಗಾಳಿಪಟ ಹಿಡಿದು ಬಯಲಿಗೆ ಬರುತ್ತಾರೆ. ನಮ್ಮಂಥ ರಿಮೋಟ್ ವಿಮಾನದವರು ತಲೆ ಕೆರೆದುಕೊಳ್ಳುತ್ತೇವೆ. ಏರಿಸುವುದು ಕಷ್ಟವಲ್ಲ, ಇಳಿಸುವುದೇ ಪಂಚಾಯ್ತಿ.

ನನ್ನದು ಫೋಮಿನ ಟ್ರೈನರ್, ಅಂದರೆ ಕಲಿಯುವವರ ಮಾಡೆಲ್. ರೆಕ್ಕೆ ಒಂದೂವರೆ ಮೀಟರ್ ಉದ್ದ, ಮೂತಿಗೆ ಒಂದು ಪ್ರೊಪೆಲ್ಲರ್, ಬ್ಯಾಟರಿ ಮೋಟರ್. ಇಳಿಯಲು ಬರುವಾಗ ಗಂಟೆಗೆ 40 ಕಿ.ಮೀ. ಆಸುಪಾಸಿನ ವೇಗ. ಜನ ಕೂತು ಹಾರುವ ಸಣ್ಣ ವಿಮಾನ ಸೆಸ್ನಾ 172ರ ಲೆಕ್ಕ ನೋಡಿ. ಪರೀಕ್ಷೆಯಲ್ಲಿ ಅದು ಇಳಿದು ತೋರಿಸಿದ ಅಡ್ಡಗಾಳಿ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಇಳಿಯಲು ಬರುವ ವೇಗ 110-120. ಗಾಳಿ ಅದರ ವೇಗದ ಕಾಲು ಭಾಗ ಮಾತ್ರ. ನನ್ನ ಮಾಡೆಲ್‌ಗೆ 20ರ ಗಾಳಿಯೇ ಅರ್ಧ ವೇಗ! ಪೂರ್ತಿ ಅಡ್ಡ ಬೀಸಿದರೆ ಮೂತಿಯನ್ನು 30 ಡಿಗ್ರಿ ಗಾಳಿಯ ಕಡೆ ತಿರುಗಿಸಿದರೆ ಮಾತ್ರ ಅದು ನೇರ ಗೆರೆಯಲ್ಲಿ ಬರುತ್ತದೆ. ತುಂಬಿದ ಹಳ್ಳ ದಾಟುವವನು ಸೆಳವಿನ ಎದುರಿಗೆ ಓರೆಯಾಗಿ ಹೆಜ್ಜೆ ಇಡುತ್ತಾನಲ್ಲ, ಹಾಗೆ.

ಬಯಲಿದೆ, ಗಾಳಿಗೆ ಎದುರಾಗಿಯೇ ಇಳಿಸಬಹುದಲ್ವಾ ಎಂದು ಕೇಳುತ್ತಾರೆ. ನಮಗೆ ಸಿಕ್ಕಿರುವುದು ಊರಾಚೆ ಅರ್ಧಕ್ಕೆ ನಿಂತ ಒಂದು ಲೇಔಟಿನ ಮೊರಂ ರಸ್ತೆ. ಅದು ಉತ್ತರ-ದಕ್ಷಿಣ. ಎರಡೂ ಕಡೆ ಬಳ್ಳಾರಿ ಜಾಲಿ. ಗಾಳಿ ಪಶ್ಚಿಮದಿಂದ, ಸ್ವಲ್ಪ ನೈಋತ್ಯಕ್ಕೆ ವಾಲಿ ಬೀಸುತ್ತದೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿ ಇಳಿಸುತ್ತೇನೆ. ಎದುರುಗಾಳಿ ಒಂದಿಷ್ಟಾದರೂ ಸಿಗುತ್ತದೆ, ಉಳಿದದ್ದು ಬಲಗಡೆಯಿಂದ ಹೊಡೆಯುತ್ತದೆ.

ನಾನು ರಸ್ತೆಯ ಪಶ್ಚಿಮಕ್ಕೆ, ಒಂದಿಷ್ಟು ದೂರದಲ್ಲಿ ನಿಲ್ಲುತ್ತೇನೆ. ಗಾಳಿ ತಳ್ಳಿದರೂ ವಿಮಾನ ನನ್ನಿಂದ ಆಚೆಗೆ ಹೋಗಲಿ ಎಂದು. ನೋಡಲು ಬಂದವರೆಲ್ಲ ನನ್ನ ಬೆನ್ನ ಹಿಂದೆ. ಸುತ್ತು ಹೊಡೆಸುವುದು ಪೂರ್ವದ ಕಡೆ. ಆಗ ಕೊನೆಯ ತಿರುವಿಗೆ ಮುಂಚೆ ವಿಮಾನ ಗಾಳಿಗೆ ಎದುರಾಗಿ ಬರುತ್ತದೆ, ನಿಧಾನವಾಗಿ, ಯೋಚಿಸಲು ಸಮಯ ಕೊಟ್ಟು. ಪಶ್ಚಿಮದಿಂದ ಸುತ್ತಿದರೆ ಗಾಳಿ ಬೆನ್ನಿಗೆ ಬಿದ್ದು ರಸ್ತೆಯನ್ನು ದಾಟಿಸಿಬಿಡುತ್ತದೆ. ಆಗ ಕೈ ತಾನಾಗಿ ತಿರುವು ಬಿಗಿ ಮಾಡುತ್ತದೆ, ರೆಕ್ಕೆ ಎತ್ತುವ ಬಲ ಕಳೆದುಕೊಂಡು ಸ್ಟಾಲ್ ಆಗುವುದು ಅಲ್ಲೇ. ಪೂರ್ವಕ್ಕೆ ನೋಡುತ್ತಾ ನಿಂತರೆ ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಅದಕ್ಕೇ ನನಗೆ ಸಂಜೆಯೇ ಇಷ್ಟ. ಬಿಸಿಲಿಳಿದರೆ ಗಾಳಿಯ ರಭಸವೂ ಸ್ವಲ್ಪ ತಗ್ಗುತ್ತದೆ.

ಬೀಸುಗಾಳಿಗೆ ಒಂದು ಒಳ್ಳೆಯ ಗುಣ ಇದೆ. ಅದು ಬರುವುದು ಕಾಣುತ್ತದೆ. ಪಶ್ಚಿಮಕ್ಕೆ ಸುಮಾರು 50 ಮೀಟರ್ ದೂರದಲ್ಲಿ ಒಂದು ಕೋಲಿಗೆ ಕೆಂಪು ರಿಬ್ಬನ್ ಕಟ್ಟಿದ್ದೇನೆ. 20 ಕಿ.ಮೀ. ಗಾಳಿ ಅಲ್ಲಿಂದ ನನ್ನ ಹತ್ತಿರ ಬರಲು 9 ಸೆಕೆಂಡ್ ಬೇಕು. 30ರ ಗಾಳಿಗೆ 6 ಸೆಕೆಂಡ್. ರಿಬ್ಬನ್ ಸೆಟೆದು ನಿಂತಿತೋ, ಆ ಸಲ ಇಳಿಸುವುದಿಲ್ಲ, ಇನ್ನೊಂದು ಸುತ್ತು. ಇದಕ್ಕಾಗಿಯೇ ಬ್ಯಾಟರಿಯಲ್ಲಿ ಮೂರ್ನಾಲ್ಕು ಸುತ್ತಿಗಾಗುವಷ್ಟು ಚಾರ್ಜ್ ಇರುವಾಗಲೇ ಇಳಿಸಲು ಶುರು ಮಾಡುತ್ತೇನೆ.

ಇನ್ನು ಥ್ರಾಟಲ್, ಅಂದರೆ ಮೋಟರಿಗೆ ಎಷ್ಟು ಪವರ್ ಅನ್ನುವುದು. ಹೊಸಬರು ಇಳಿಸುವುದು ಅಂದ್ರೆ ಮೋಟರ್ ಆಫ್ ಮಾಡುವುದು ಅಂದುಕೊಂಡಿರುತ್ತಾರೆ. ಶಾಂತ ಹವೆಯಲ್ಲಿ ನಡೆಯುತ್ತದೆ. ಅಡ್ಡಗಾಳಿಯಲ್ಲಿ ಮೂತಿಯನ್ನು ನೇರ ಮಾಡುವುದು ರಡ್ಡರ್, ಅಂದರೆ ಬಾಲದ ಚುಕ್ಕಾಣಿ. ಆ ರಡ್ಡರ್‌ಗೆ ಬಲ ಬರುವುದು ಅದರ ಮೇಲೆ ಹರಿಯುವ ಗಾಳಿಯಿಂದ. ನಿಧಾನಕ್ಕೆ ಬರುತ್ತಿರುವ ವಿಮಾನದಲ್ಲಿ ಆ ಗಾಳಿಯ ದೊಡ್ಡ ಪಾಲು ಪ್ರೊಪೆಲ್ಲರ್ ಹಿಂದಕ್ಕೆ ಊದುವುದೇ. ಥ್ರಾಟಲ್ ಸೊನ್ನೆಗೆ ತಂದರೆ ಬಾಲ ಸತ್ತಂತೆ. ರಿಮೋಟಿನ ಕಡ್ಡಿ ಎಷ್ಟು ತಳ್ಳಿದರೂ ಮೂತಿ ಅಲ್ಲಾಡುವುದಿಲ್ಲ. ನೆಲದ ಹತ್ತಿರ, ಜಾಲಿಯ ಮರೆಗೆ ಬಂದಾಗ ಎದುರುಗಾಳಿ ಇದ್ದಕ್ಕಿದ್ದಂತೆ ಕಡಿಮೆಯಾಗಿ ವಿಮಾನ ಕುಸಿಯುವುದೂ ಉಂಟು. ಹಾಗಾಗಿ ಚಕ್ರ ನೆಲ ಮುಟ್ಟುವವರೆಗೂ ಕಾಲು ಭಾಗದಷ್ಟು ಥ್ರಾಟಲ್ ಬಿಡುವುದಿಲ್ಲ. ಕೈಯಲ್ಲಿ ವೇಗದ ಮೀಟರ್ ಇಲ್ಲ, ಕಿವಿಯೇ ಮೀಟರ್. ಪ್ರೊಪೆಲ್ಲರಿನ ಗುಂಯ್ ಸದ್ದು ಏರಿಳಿಯದೆ ಕೇಳುತ್ತಿರಬೇಕು. ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನಲ್ಲಿ ಕೆಳಗಿಳಿಯುವ ಪಟ್ಟಿ) ಇದ್ದರೆ ಅರ್ಧ ಇಳಿಸಿದರೆ ಸಾಕು. ಪೂರ್ತಿ ಇಳಿಸಿದರೆ ಒಂದು ಬೀಸಿಗೆ ಮತ್ತೆ ಮೇಲೆ ಎದ್ದುಬಿಡುತ್ತದೆ.

ಕೊನೆಯ ಒಂದೆರಡು ಸೆಕೆಂಡ್ ಹೆಬ್ಬೆರಳುಗಳ ಕೆಲಸ. ನನ್ನ ರಿಮೋಟಿನಲ್ಲಿ ರಡ್ಡರ್ ಎಡಗೈಗೆ, ರೆಕ್ಕೆಯನ್ನು ಎಡಬಲಕ್ಕೆ ವಾಲಿಸುವ ಐಲೆರಾನ್ ಬಲಗೈಗೆ. ಮೊಳಕಾಲೆತ್ತರಕ್ಕೆ ಬಂದಾಗ ಎಡ ಹೆಬ್ಬೆರಳು ಎಡಕ್ಕೆ, ಮೂತಿ ರಸ್ತೆಗೆ ನೇರವಾಗುತ್ತದೆ. ಜೊತೆಗೇ ಬಲ ಹೆಬ್ಬೆರಳು ಬಲಕ್ಕೆ, ಗಾಳಿಯ ಕಡೆಯ ರೆಕ್ಕೆ ತುಸು ತಗ್ಗುತ್ತದೆ. ಎರಡೂ ಬೆರಳು ಒಂದರಿಂದೊಂದು ದೂರ ಸರಿಯಬೇಕು. ಸರಿಯಾಗಿ ಬಂದರೆ ನನ್ನ ಕಡೆಯ ಚಕ್ರ ಮೊದಲು ಮುಟ್ಟಿ, ಅದರ ಹಿಂದೆ ಮಾತ್ರ ಧೂಳೇಳುತ್ತದೆ. ಆಮೇಲೆ ಇನ್ನೊಂದು ಚಕ್ರ. ಈಗ ಥ್ರಾಟಲ್ ಬಿಡಬಹುದು. ಐಲೆರಾನ್ ಮಾತ್ರ ಬಿಡಬಾರದು, ಬದಲಿಗೆ ಇನ್ನೂ ಬಲಕ್ಕೆ ಒತ್ತಬೇಕು. ನಿಲ್ಲುವವರೆಗೂ ಗಾಳಿ ಆ ರೆಕ್ಕೆಯನ್ನು ಎತ್ತಲು ನೋಡುತ್ತಿರುತ್ತದೆ, ಮೂತಿಯನ್ನೂ ತನ್ನ ಕಡೆಗೆ, ಅಂದರೆ ನನ್ನ ಕಡೆಗೇ ಎಳೆಯುತ್ತದೆ. ಒಂದಿಷ್ಟು ದೂರ ನಿಲ್ಲುವುದು ಅದಕ್ಕೇ.

ಗೈರೋ (ವಿಮಾನದ ಓಲಾಟವನ್ನು ತಾನಾಗಿ ಸರಿಮಾಡುವ ಸಾಧನ) ಇರುವವರಿಗೆ ಒಂದು ಮಾತು. ರೆಕ್ಕೆ ತಾನಾಗಿ ಸಮ ಮಾಡುವ ಮೋಡ್ ಬೇಡ. ನೀವು ರೆಕ್ಕೆ ತಗ್ಗಿಸಿದರೆ ಅದು ಎತ್ತಲು ನೋಡುತ್ತದೆ, ಇಬ್ಬರ ಜಗಳದಲ್ಲಿ ಗಾಳಿ ಗೆಲ್ಲುತ್ತದೆ. ಕುಲುಕಾಟ ಮಾತ್ರ ತಗ್ಗಿಸುವ ಮೋಡ್ ಸಾಕು.

ಸರಿ ಹೋಗಲಿಲ್ಲ, ಮತ್ತೆ ಏರಿಸಬೇಕು ಅನ್ನಿಸಿದರೆ ಥ್ರಾಟಲನ್ನು ಒಂದೇ ಏಟಿಗೆ ತಳ್ಳಬೇಡಿ. ಕಡಿಮೆ ವೇಗದಲ್ಲಿ ಜಾಸ್ತಿ ಪವರ್ ಕೊಟ್ಟರೆ ಪ್ರೊಪೆಲ್ಲರ್ ಮೂತಿಯನ್ನು ಎಡಕ್ಕೆ ಎಳೆಯುತ್ತದೆ. ನಮ್ಮ ಗಾಳಿಯೂ ಇಡೀ ವಿಮಾನವನ್ನು ಎಡಕ್ಕೇ ತಳ್ಳುತ್ತಿದೆ. ಅದಕ್ಕಿಂತ ಹೆಚ್ಚಾಗಿ, ಆ ಕ್ಷಣದಲ್ಲಿ ನಿಮ್ಮ ಬೆರಳು ಎಡ ರಡ್ಡರ್ ಮೇಲೇ ಇರುತ್ತದೆ! ಮೊದಲು ಆ ಬೆರಳನ್ನು ನಡುವಿಗೆ ತಂದು ಬಲಕ್ಕೆ ದಾಟಿಸಿ, ಅದರ ಜೊತೆಗೇ ಥ್ರಾಟಲ್ ಹಂತಹಂತವಾಗಿ ಏರಿಸಿ. ಮೂತಿ ತೀರಾ ಎತ್ತಬೇಡಿ.

ಚಳ್ಳಕೆರೆ ಕಡೆ ಹೋಗಿ ಹಾರಿಸುವವರು ಮೊದಲು ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ, ಅಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಇದೆ.

ಅಭ್ಯಾಸಕ್ಕೆ ನಾನು ಹುಡುಗರಿಗೆ ಹೇಳುವುದು ಇಳಿಸಿ ಅಂತಲ್ಲ. ರಸ್ತೆಯ ಮೇಲೆ ಎರಡು ಆಳೆತ್ತರದಲ್ಲಿ, ಬಲ ರೆಕ್ಕೆ ತಗ್ಗಿಸಿ, ಎಡ ರಡ್ಡರ್ ಹಿಡಿದು, ಈ ತುದಿಯಿಂದ ಆ ತುದಿಗೆ ಹಾರಿಸಿ ಮೇಲೇರಿಸಿ. ವಿಮಾನ ರಸ್ತೆಯ ಅಂಚು ದಾಟದೆ ಹಾರುವಷ್ಟು ಕೈ ಕುದುರಿದ ಮೇಲೆ ಚಕ್ರ ಮುಟ್ಟಿಸುವ ಮಾತು.