ಮುರಕಲ್ಲಿನ ಮನೆಗೆ ಫೈಬರ್: ಲೈನ್ ಎಳೆಸುವುದು, ಸ್ವಂತ ರೌಟರ್ ಕೂರಿಸುವುದು

ಮಂಗಳೂರು, ಉಡುಪಿ ಕಡೆ ಫೈಬರ್ ಹಾಕಿಸಿಕೊಂಡವರ ದೂರು ಹೆಚ್ಚಾಗಿ ಒಂದೇ: ಜಗಲಿಯಲ್ಲಿ ಚೆನ್ನಾಗಿ ಬರುತ್ತದೆ, ಒಳಕೋಣೆಗೆ ಹೋದರೆ ಇಲ್ಲ. ಆಗ 100 ಎಂಬಿಪಿಎಸ್ ಪ್ಲಾನ್ ಬಿಟ್ಟು 300ಕ್ಕೆ ಹೋಗುತ್ತಾರೆ, ಒಳಕೋಣೆಯಲ್ಲಿ ಮತ್ತದೇ ಪಾಡು. ಎಂಟೊಂಬತ್ತು ಇಂಚಿನ ಮುರಕಲ್ಲು ಗೋಡೆ, ಅದೂ ಮಳೆಗಾಲದಲ್ಲಿ ನೀರು ಕುಡಿದು ನಿಂತಾಗ, 5 ಗಿಗಾಹರ್ಟ್ಸ್ ವೈಫೈಯ ಬಹುಪಾಲನ್ನು ಅಲ್ಲೇ ತಡೆದುಬಿಡುತ್ತದೆ. ಅಂಥ ಎರಡು ಗೋಡೆ ದಾಟಿಸುವ ರೌಟರ್ ಯಾವ ಬೆಲೆಗೂ ಸಿಗದು. ಆದ್ದರಿಂದ ಕಂಪನಿಯ ಬಾಕ್ಸ್ (ಫೈಬರಿನ ತುದಿ ಬಂದು ಸೇರುವ ಮೋಡೆಮ್) ಲೈನ್ ಬರುವ ಗೋಡೆಯಲ್ಲೇ ಇರಲಿ. ಅಲ್ಲಿಂದ ಮನೆಯ ನಡುವಿಗೆ ಒಂದು ಲ್ಯಾನ್ ಕೇಬಲ್ ಎಳೆದು, ಅದರ ತುದಿಗೆ ನಿಮ್ಮದೇ ರೌಟರ್ ಇಡಿ.

ಅರ್ಜಿಗೆ ಮೊದಲು

ಅಕ್ಕಪಕ್ಕದ ಮನೆಯವರನ್ನು ಒಂದು ಮಾತು ಕೇಳಿ: ಜುಲೈಯಲ್ಲಿ ತೆಂಗಿನ ಮಡಲು ಬಿದ್ದು ಕೇಬಲ್ ತುಂಡಾದರೆ ಎಷ್ಟು ದಿನಕ್ಕೆ ಜನ ಬರುತ್ತಾರೆ? ಪ್ಲಾನಿನ ಬೆಲೆಗಿಂತ ಈ ಉತ್ತರ ಮುಖ್ಯ. ಬೆಲೆ ಹೋಲಿಸುವಾಗ 18% ಜಿಎಸ್‌ಟಿ ಸೇರಿಸಿಕೊಳ್ಳಿ. 500 ರೂಪಾಯಿಯ ಪ್ಲಾನ್‌ಗೆ ಬಿಲ್ 590 ಬರುತ್ತದೆ.

ಕಂಪನಿಯವರಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕಾದದ್ದು ಇಷ್ಟು. ಬಾಕ್ಸನ್ನು ಬ್ರಿಡ್ಜ್ ಮೋಡ್‌ಗೆ (ಬಾಕ್ಸ್ ಲೈನನ್ನು ಸುಮ್ಮನೆ ದಾಟಿಸುತ್ತದೆ, ಲಾಗಿನ್ ಕೆಲಸ ನಮ್ಮ ರೌಟರಿನದ್ದು) ಹಾಕಿಕೊಡುತ್ತೀರಾ? ಪಿಪಿಪಿಒಇ (ರೌಟರ್ ಕಂಪನಿಗೆ ಲಾಗಿನ್ ಆಗುವ ವಿಧಾನ) ಯೂಸರ್ ನೇಮ್, ಪಾಸ್‌ವರ್ಡ್ ನಮ್ಮ ಕೈಗೆ ಕೊಡುತ್ತೀರಾ? ವಿಲ್ಯಾನ್ ಸಂಖ್ಯೆ (ಒಂದೇ ಲೈನಿನಲ್ಲಿ ಇಂಟರ್ನೆಟ್, ಫೋನ್ ಬೇರೆ ಬೇರೆಯಾಗಿ ಹರಿಯಲು ಹಾಕುವ ಗುರುತು) ಎಷ್ಟು? ಲ್ಯಾಂಡ್‌ಲೈನ್ ಫೋನ್ ಅದೇ ಬಾಕ್ಸಿನಿಂದ ಬರುತ್ತದೆಯೇ? ಬಿಎಸ್‌ಎನ್‌ಎಲ್ ಫೈಬರ್‌ನಲ್ಲಿ ಪಿಪಿಪಿಒಇ ಲಾಗಿನ್ ಇರುತ್ತದೆ. ಜಿಯೋಫೈಬರ್‌ನಲ್ಲಿ ಗ್ರಾಹಕರು ತುಂಬುವ ಲಾಗಿನ್ ಇಲ್ಲ, ಬಾಕ್ಸೇ ಗುರುತು; ಅಲ್ಲಿ ಬ್ರಿಡ್ಜ್ ಬದಲು ಕೆಳಗೆ ಹೇಳುವ ಆ್ಯಕ್ಸೆಸ್ ಪಾಯಿಂಟ್ ದಾರಿ (ಲಾಗಿನ್ ಬಾಕ್ಸಿನದ್ದೇ, ನಿಮ್ಮ ರೌಟರ್ ವೈಫೈ ಮಾತ್ರ ಹರಡುತ್ತದೆ) ಹಿಡಿಯಿರಿ.

ಲೈನ್ ಎಳೆಯುವ ದಿನ

ಅವತ್ತು ಮನೆಯಲ್ಲಿದ್ದು ಪಕ್ಕದಲ್ಲೇ ನಿಲ್ಲಿ. ಗೋಡೆಗೆ ತೂತು ಕೊರೆಯುವಾಗ ಹೊರಮುಖ ಸ್ವಲ್ಪ ತಗ್ಗಿನಲ್ಲಿರಲಿ. ಕೇಬಲ್ ತೂತಿಗೆ ಹೊಗುವ ಮುನ್ನ ಒಂದು ಗೇಣು ಕೆಳಗಿಳಿದು ಮತ್ತೆ ಮೇಲೇರಿ ಒಳಬರಬೇಕು. ಮಳೆನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ. ನೇರ ಎಳೆದರೆ ಕೇಬಲ್ ಹಿಡಿದುಕೊಂಡೇ ನೀರು ಒಳಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ತೂತನ್ನು ಸಿಲಿಕೋನ್ ಸೀಲೆಂಟ್‌ನಿಂದ ಮುಚ್ಚಿಸಿ, ಇಲ್ಲದಿದ್ದರೆ ಇರುವೆಗಳು ಅದೇ ದಾರಿಯಲ್ಲಿ ಬಾಕ್ಸಿನೊಳಗೆ ಗೂಡು ಕಟ್ಟುತ್ತವೆ.

ಕಂಬದಿಂದ ಬರುವ ಡ್ರಾಪ್ ಕೇಬಲ್‌ಗೆ ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಅಂಟಿಕೊಂಡಿರುತ್ತದೆ. ಅದನ್ನು ಹೊರಗಿನ ಕೊಕ್ಕೆಗೆ ಬಿಗಿದು ಅಲ್ಲೇ ಕತ್ತರಿಸಲು ಹೇಳಿ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದು, ಉಕ್ಕಿನ ತಂತಿಯಲ್ಲಿ ಹರಿಯುತ್ತದೆ. ಒಳಗೆ ಎರಡು ಮೂರು ಮೀಟರ್ ಕೇಬಲ್ ಹೆಚ್ಚುವರಿ ಬಿಡಿಸಿ, ಊಟದ ತಟ್ಟೆಯಷ್ಟು ಅಗಲದ ಸುರುಳಿ ಮಾಡಿ ನೇತುಹಾಕಿ. ನಾಳೆ ತುದಿ ಕೆಟ್ಟರೆ ಕತ್ತರಿಸಿ ಮತ್ತೆ ಜೋಡಿಸಲು ಇದು ಬೇಕೇಬೇಕು. ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯಲು ಬಿಡಬೇಡಿ. ಬಾಗು ಬಿಗಿಯಾದಷ್ಟೂ ಬೆಳಕು ಗಾಜಿನಿಂದ ಹೊರಗೆ ಸೋರುತ್ತದೆ.

ಈಗ ತುದಿಯನ್ನು ನೋಡಿ. ಹಸಿರು ಪ್ಲಗ್ ಆದರೆ ಅದು ಎಪಿಸಿ, ಗಾಜಿನ ಮೂತಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ನೀಲಿ ಆದರೆ ಯುಪಿಸಿ. ಹಸಿರನ್ನು ನೀಲಿಯ ತೂತಿಗೆ ತುರುಕಿದರೆ ಕೂರುತ್ತದೆ, ಆದರೆ ಮೂತಿಗಳು ಸರಿಯಾಗಿ ಮುಟ್ಟದೆ ಬೆಳಕು ಪೋಲಾಗುತ್ತದೆ. ಮೂತಿಯನ್ನು ಬೆರಳಿನಿಂದ ಮುಟ್ಟಬಾರದು; ಕಣ್ಣಿನ ನೇರಕ್ಕೆ ಹಿಡಿದು ನೋಡಲೇಬಾರದು, ಒಳಗಿನ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ.

ಹೊರಡುವ ಮುನ್ನ ಪವರ್ ಮೀಟರ್ ಇಟ್ಟು ತೋರಿಸಲು ಹೇಳಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್ ಅಂಕಿ ಹೆಚ್ಚಾದಷ್ಟೂ ಬೆಳಕು ಕಡಿಮೆ) ಒಳಗಿದ್ದರೆ ನೆಮ್ಮದಿ. ಮೈನಸ್ 27 ಮನೆಗಳಿಗೆ ಕೊಡುವ ಸಾಮಾನ್ಯ ಜಿಪಾನ್ (ಫೈಬರ್) ಬಾಕ್ಸಿನ ಕೊನೆಯ ಗಡಿ. ಮೈನಸ್ 26 ಬಂದರೆ ಇವತ್ತು ನಡೆಯುತ್ತದೆ, ಮೊದಲ ದೊಡ್ಡ ಮಳೆಗೆ ಜಾಯಿಂಟ್‌ಗೆ ನೀರು ಹೊಕ್ಕಾಗ ಬೀಳುತ್ತದೆ. ಅಲ್ಲೇ ಮತ್ತೆ ಜೋಡಿಸಿಸಿ. 3 ಡಿಬಿ ಇಳಿಯಿತೆಂದರೆ ಬೆಳಕು ಅರ್ಧಕ್ಕರ್ಧ ಹೋಯಿತೆಂದು ಅರ್ಥ. ಅಂದಿನ ಅಂಕಿಯನ್ನು ಬಾಕ್ಸಿನ ಮೇಲೆಯೇ ಬರೆದು ಅಂಟಿಸಿ.

ಮನೆಯೊಳಗಿನ ಕೇಬಲ್

ರೌಟರ್‌ಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ. ಕ್ಯಾಟ್ 6, ಅಪ್ಪಟ ತಾಮ್ರದ್ದೆಂದು ಕೇಳಿ ತನ್ನಿ. ಅಗ್ಗಕ್ಕೆ ಸಿಗುವುದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟದ್ದು; ತುದಿಯ ತಂತಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ನಮ್ಮ ತೇವಕ್ಕೆ ಬೇಗ ಹಾಳಾಗುತ್ತದೆ. ಕರೆಂಟಿನ ಪೈಪಿನೊಳಗೆ ಇದನ್ನು ತೂರಿಸಬೇಡಿ, ಬೇರೆಯೇ ಪೈಪ್ ಅಥವಾ ಪಟ್ಟಿ ಹಾಕಿ. ಹಂಚಿನ ಮಾಡಿನ ಮನೆಯಾದರೆ ಅಟ್ಟದ ಮೇಲಿಂದ ಎಳೆಯುವುದು ಸುಲಭ, ಆದರೆ ಇಲಿ ಕಡಿಯದಂತೆ ಗಟ್ಟಿ ಪಿವಿಸಿ ಪೈಪಿನಲ್ಲೇ ಹೋಗಲಿ. ಎರಡು ಕೇಬಲ್ ಒಟ್ಟಿಗೆ ಎಳೆದರೆ ಕೂಲಿ ಹೆಚ್ಚೇನೂ ಆಗದು, ಒಂದು ಕೆಟ್ಟಾಗ ಇನ್ನೊಂದು ಇರುತ್ತದೆ.

ಕೇಬಲಿನ ನಾಲ್ಕೂ ಜೋಡಿ ಸರಿಯಿದ್ದರೆ ಮಾತ್ರ 1000 ಎಂಬಿಪಿಎಸ್. ಒಂದು ತಂತಿ ಸರಿಯಾಗಿ ಕ್ರಿಂಪ್ ಆಗದಿದ್ದರೂ (ತುದಿಯ ಪ್ಲಗ್ಗಿನಲ್ಲಿ ಒತ್ತಿ ಕೂರದಿದ್ದರೂ) ಸುಮ್ಮನೆ 100ಕ್ಕೆ ಇಳಿಯಬಹುದು. 200ರ ಪ್ಲಾನಿನಲ್ಲಿ ಯಾವಾಗ ಅಳೆದರೂ 94 ಆಸುಪಾಸು ಬರುತ್ತಿದ್ದರೆ ಮೊದಲು ಈ ಕ್ರಿಂಪ್ ನೋಡಿ.

ರೌಟರ್ ಮತ್ತು ಬ್ರಿಡ್ಜ್

ಗಿಗಾಬಿಟ್ ಪೋರ್ಟ್, ಎರಡೂ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್), ವೈಫೈ 6, ಪಿಪಿಪಿಒಇಗೆ ವಿಲ್ಯಾನ್ ಹಾಕುವ ಸೌಲಭ್ಯ, 12 ವೋಲ್ಟಿನ ಅಡಾಪ್ಟರ್: ಇಷ್ಟಿದ್ದರೆ ಸಾಕು. ಟೆಲಿಫೋನ್ ಪಿನ್ ಮಾತ್ರ ಇರುವ ಹಳೆಯ ಎಡಿಎಸ್ಎಲ್ ಮೋಡೆಮ್ ಇಲ್ಲಿ ಉಪಯೋಗವಿಲ್ಲ.

ಕಂಪನಿಯ ಬಾಕ್ಸಿನ ಸೆಟ್ಟಿಂಗ್ ಪುಟಗಳನ್ನೆಲ್ಲ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅಲ್ಲಿ ಎರಡು ಮೂರು ವ್ಯಾನ್ (ಹೊರಗಿನ ಲೈನಿನ) ಸಾಲು ಇರುತ್ತವೆ: ಇಂಟರ್ನೆಟ್‌ಗೆ ಒಂದು, ಫೋನ್‌ಗೆ ಒಂದು, ಕಂಪನಿಯ ನಿರ್ವಹಣೆಗೆ ಒಂದು. ಇಂಟರ್ನೆಟ್ ಸಾಲನ್ನು ಮಾತ್ರ ಬ್ರಿಡ್ಜ್‌ಗೆ ಬದಲಿಸಿ, ಒಂದನೇ ಲ್ಯಾನ್ ಪೋರ್ಟಿಗೆ ಕಟ್ಟಿಸಿ, ಬಾಕ್ಸಿನ ವೈಫೈ ಆಫ್ ಮಾಡಿಸಿ. ಬಾಕ್ಸಿನ ರೀಸೆಟ್ ಗುಂಡಿ ಒತ್ತಲೇಬೇಡಿ. ಲೈನಿನ ನೋಂದಣಿ ವಿವರ ಅಳಿಸಿಹೋದರೆ ಕಂಪನಿಯವರು ಬಂದು ಹಾಕುವ ತನಕ ಏನೂ ನಡೆಯದು.

ಒಂದನೇ ಪೋರ್ಟಿನಿಂದ ರೌಟರಿನ ವ್ಯಾನ್ ಪೋರ್ಟಿಗೆ ಕೇಬಲ್. ರೌಟರಿನಲ್ಲಿ ಪಿಪಿಪಿಒಇ ಆರಿಸಿ ಯೂಸರ್ ನೇಮ್, ಪಾಸ್‌ವರ್ಡ್ ತುಂಬಿ, ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗರಿಷ್ಠ ಗಾತ್ರ) 1492 ಇಡಿ. ವಿಲ್ಯಾನ್ ಸಂಖ್ಯೆ ಬಾಕ್ಸಿನಲ್ಲೇ ಇದ್ದರೆ ರೌಟರಿನಲ್ಲಿ ಖಾಲಿ ಬಿಡಿ, ಎರಡೂ ಕಡೆ ಹಾಕಿದರೆ ಕನೆಕ್ಟ್ ಆಗದು. ರೌಟರಿನ ವಿಳಾಸವನ್ನು 192.168.50.1 ಎಂದು ಬದಲಿಸಿ. ಬಾಕ್ಸಿನದ್ದು ಹೆಚ್ಚಾಗಿ 192.168.1.1, ಎರಡೂ ಒಂದೇ ಆದರೆ ಗೊಂದಲ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯೂಪಿಎಸ್ (ಗುಂಡಿ ಒತ್ತಿ ವೈಫೈಗೆ ಸೇರಿಸುವ ಸೌಲಭ್ಯ) ಮತ್ತು ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೌಟರ್ ಸೆಟ್ಟಿಂಗ್ ಬದಲಿಸುವುದು) ಆಫ್ ಮಾಡಿ. 2.4 ಗಿಗಾಹರ್ಟ್ಸ್‌ಗೆ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದು, 20 ಮೆಗಾಹರ್ಟ್ಸ್ ಅಗಲ.

ಲಾಗಿನ್ ಸರಿಯಿದ್ದೂ ಕನೆಕ್ಟ್ ಆಗದಿದ್ದರೆ ಹಳೆಯ ಸೆಷನ್ ಆ ತುದಿಯಲ್ಲಿ ಇನ್ನೂ ತೆರೆದಿರಬಹುದು. ಬಾಕ್ಸ್, ರೌಟರ್ ಎರಡನ್ನೂ ಹದಿನೈದು ನಿಮಿಷ ಆಫ್ ಮಾಡಿಡಿ. ಆಮೇಲೂ ಆಗದಿದ್ದರೆ ಮ್ಯಾಕ್ ಬೈಂಡಿಂಗ್ (ಲೈನನ್ನು ಹಳೆಯ ಸಾಧನದ ಗುರುತಿಗೇ ಕಟ್ಟಿಹಾಕಿದ್ದು) ತೆಗೆಯಲು ಕಸ್ಟಮರ್ ಕೇರ್‌ಗೆ ಹೇಳಿ.

ಬ್ರಿಡ್ಜ್ ಕೊಡದಿದ್ದರೆ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಡಿ. ಒಳಕೋಣೆಯ ವೈಫೈ ಸಮಸ್ಯೆ ಅದರಿಂದಲೂ ಪೂರ್ತಿ ತೀರುತ್ತದೆ. ಹೊರಗಿನಿಂದ ಸಿಸಿಟಿವಿ ರೆಕಾರ್ಡರ್‌ಗೆ ನೇರ ಸಂಪರ್ಕ ಬೇಕಾದವರು ಮಾತ್ರ ವ್ಯಾನ್ ವಿಳಾಸ ನೋಡಿ: 100.64ರಿಂದ 100.127ರೊಳಗೆ ಶುರುವಾದರೆ ಅದು ಹಲವರು ಹಂಚಿಕೊಂಡ ವಿಳಾಸ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಕರೆಯನ್ನು ಮನೆಯೊಳಗಿನ ಸಾಧನಕ್ಕೆ ದಾಟಿಸುವುದು) ಫಲಿಸದು, ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೇಳಬೇಕು.

ಕರೆಂಟ್, ಸಿಡಿಲು, ದೂರು

ಮೆಸ್ಕಾಂ ಕರೆಂಟ್ ಹೋದಾಗ ಬಾಕ್ಸ್ ಮತ್ತು ರೌಟರ್ ಎರಡಕ್ಕೂ ಬ್ಯಾಕಪ್ ಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ. ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಓದಿ ಅದಕ್ಕೆ ಸರಿಹೊಂದುವ 12 ವೋಲ್ಟಿನ ಮಿನಿ ಯುಪಿಎಸ್ ತನ್ನಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ ಕೂಡಲೇ ಅಡಾಪ್ಟರ್‌ಗಳನ್ನು ಪ್ಲಗ್‌ನಿಂದ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ನ್ಯೂಟ್ರಲ್ ತಂತಿ ಕೂಡಿಕೊಂಡೇ ಇರುತ್ತದೆ. ಮಾಳಿಗೆಯ ಕ್ಯಾಮೆರಾಕ್ಕೆ ಹೋಗುವ ಲ್ಯಾನ್ ಕೇಬಲ್ಲನ್ನೂ ರೌಟರಿನಿಂದ ತೆಗೆಯಿರಿ.

ಲೈನ್ ಹೋದಾಗ ಬಾಕ್ಸಿನ ದೀಪ ನೋಡಿ ದೂರು ಕೊಡಿ. ಎಲ್ಓಎಸ್ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲ, ಹೊರಗೆ ತುಂಡಾಗಿರುವುದೇ ಹೆಚ್ಚು. ಅಂಗಳದಿಂದ ಕಂಬದವರೆಗೆ ಕೇಬಲ್ ನೋಡಿಕೊಂಡು ಹೋಗಿ, ಮಡಲು ಬಿದ್ದ ಜಾಗ ಕಂಡರೆ ಅದನ್ನೇ ಹೇಳಿ. ಪಾನ್ ದೀಪ (ಕಂಪನಿಯ ಫೈಬರ್ ಜೊತೆ ಸಂಪರ್ಕ ಇದೆಯೆಂದು ತೋರುವುದು) ಹಸಿರು ನಿಂತಿದ್ದು ಇಂಟರ್ನೆಟ್ ಇಲ್ಲದಿದ್ದರೆ ತೊಂದರೆ ಹೆಚ್ಚಾಗಿ ಲಾಗಿನ್ನಿನಲ್ಲೋ ರೌಟರಿನಲ್ಲೋ ಇದೆ. ಸ್ಪೀಡ್ ಕಡಿಮೆ ಎನ್ನುವ ಮೊದಲು ಲ್ಯಾಪ್‌ಟಾಪನ್ನು ಕೇಬಲ್ಲಿನಿಂದಲೇ ರೌಟರಿಗೆ ಜೋಡಿಸಿ ಅಳೆಯಿರಿ, ಬಾಕ್ಸಿನ ಮೇಲೆ ಅಂಟಿಸಿದ ಡಿಬಿಎಂ ಅಂಕಿಯನ್ನೂ ಇವತ್ತಿನದ್ದನ್ನೂ ಜೊತೆಗೆ ಹೇಳಿ.