ಹೊಸಬರಿಗೊಂದು ಅಂತರ್ಜಾಲ ಸಾಹಿತ್ಯ ಪತ್ರಿಕೆ: ನಾವು ನಡೆಸುವ ಬಗೆ

ಬರೆದದ್ದು ನಾಲ್ಕು ಜನರ ಕಣ್ಣಿಗೆ ಬೀಳಲು ಈಗ ಪತ್ರಿಕೆಯೇನೂ ಬೇಕಿಲ್ಲ. ಫೇಸ್‌ಬುಕ್ ಗೋಡೆಯಿದೆ, ವಾಟ್ಸಾಪ್ ಗುಂಪುಗಳಿವೆ. ಆದರೂ ಹೊಸಬರು ಸಣ್ಣ ಪತ್ರಿಕೆಗೆ ಕಳಿಸುತ್ತಾರೆಂದರೆ, ಇಲ್ಲಿ ಯಾರೋ ಕೂತು ಓದುತ್ತಾರೆ, ಉತ್ತರ ಬರೆಯುತ್ತಾರೆ, ತಿದ್ದುತ್ತಾರೆ ಅನ್ನುವ ನಂಬಿಕೆಯಿಂದ. ಹಾಗಾಗಿ ವೆಬ್‌ಸೈಟಿಗಿಂತ ಮೊದಲು ಲೆಕ್ಕ ಹಾಕಬೇಕಾದದ್ದು ಓದುವ ಶಕ್ತಿಯನ್ನು. ಮೂವರು ಸಂಪಾದಕರು, ವಾರಕ್ಕೆ ತಲಾ ನಾಲ್ಕು ಗಂಟೆ ಬಿಡುವು ಇದ್ದರೆ ಮೂರು ತಿಂಗಳಿಗೊಂದು ಸಂಚಿಕೆ ತರಬಹುದು: ಮೂರು ಕತೆ, ಎಂಟು ಕವಿತೆ, ಒಂದು ಅನುವಾದ, ಒಬ್ಬ ಕಲಾವಿದರ ಐದಾರು ಚಿತ್ರ. ಅದಕ್ಕಿಂತ ಹೆಚ್ಚು ಬೇಡ. ಮಾಸಿಕ ಮಾಡಲು ಹೊರಟವರು ನಾಲ್ಕನೆಯ ಸಂಚಿಕೆಗೆ ಬರುವ ಹೊತ್ತಿಗೆ ಸಿಕ್ಕಿದ್ದನ್ನೆಲ್ಲ ತುಂಬುತ್ತಿರುತ್ತಾರೆ. ಕವಿ ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆಯಾಗಲಿ, ವಿವೇಕ ಶಾನಭಾಗರು 2005ರಲ್ಲಿ ಶುರುಮಾಡಿದ ‘ದೇಶ ಕಾಲ’ವಾಗಲಿ ಓದುಗರ ನೆನಪಿನಲ್ಲಿ ಉಳಿದದ್ದು ಆಯ್ಕೆಯ ಬಲದಿಂದಲೇ ಹೊರತು ಪುಟಗಳ ಸಂಖ್ಯೆಯಿಂದಲ್ಲ.

ಬರಹಗಳನ್ನು ವರ್ಷವಿಡೀ ತೆಗೆದುಕೊಳ್ಳುವುದಿಲ್ಲ. ಜನವರಿ ಮತ್ತು ಜುಲೈ, ಎರಡೇ ತಿಂಗಳು ಬಾಗಿಲು ತೆರೆದಿರುತ್ತದೆ. ಒಬ್ಬರಿಂದ ಮೂರು ಕವಿತೆ, ಇಲ್ಲವೇ 1,200ರಿಂದ 3,500 ಪದಗಳ ಒಂದು ಕತೆ. ಗೂಗಲ್ ಫಾರ್ಮ್ ಅಂದವಾಗಿ ಕಾಣುತ್ತದೆ, ಆದರೆ ಅದರಲ್ಲಿ ಫೈಲ್ ಏರಿಸಬೇಕಾದರೆ ಕಳಿಸುವವರು ಗೂಗಲ್ ಖಾತೆಯಿಂದ ಲಾಗಿನ್ ಆಗಲೇಬೇಕು. ಅಲ್ಲೇ ಎಷ್ಟೋ ಜನ ಕೈಬಿಡುತ್ತಾರೆ. ಇಮೇಲ್ ಸಾಕು. ಕೈಬರಹದ ಹಾಳೆಯ ಫೋಟೊ ಕಳಿಸುವವರೂ ಇದ್ದಾರೆ, ಅವರನ್ನು ತಿರಸ್ಕರಿಸಬಾರದು. ಕನ್ನಡ ಕೈಬರಹವನ್ನು ಯಂತ್ರಕ್ಕೆ ಓದಿಸುವುದಕ್ಕಿಂತ, ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಹಾಕಿಕೊಂಡು ನಾವೇ ಗಟ್ಟಿಯಾಗಿ ಓದುವುದು ಬೇಗ ಆಗುತ್ತದೆ. ವಿರಾಮಚಿಹ್ನೆಗಳನ್ನು ಆಮೇಲೆ ಕೈಯಿಂದ ಹಾಕಬೇಕು, ಅಷ್ಟೆ.

ಕನ್ನಡದ ಸಾಹಿತ್ಯಲೋಕ ಸಣ್ಣದು. ಹೆಸರು ಕಂಡರೆ ಊರು, ಗುರುಗಳು, ಬಳಗ, ಜಾತಿ ಎಲ್ಲವೂ ತಲೆಗೆ ಬರುತ್ತವೆ. ಅದಕ್ಕೇ ಅಂಚೆ ನೋಡುವವರು ಒಬ್ಬರೇ ಇರಬೇಕು, ಅವರು ಆಯ್ಕೆಗೆ ಕೂರಬಾರದು. ಬಂದ ಫೈಲಿನಿಂದ ಹೆಸರು ತೆಗೆದು, ಸಂಖ್ಯೆ ಕೊಟ್ಟು, ಹಂಚಿಕೊಂಡ ಫೋಲ್ಡರಿಗೆ ಹಾಕುವುದು ಅವರ ಕೆಲಸ. ಶೀಟಿನಲ್ಲಿ ಏಳು ಕಾಲಮ್ಮು: ಸಂಖ್ಯೆ, ಪ್ರಕಾರ, ಬಂದ ದಿನ, ಮೊದಲ ಓದು, ಎರಡನೇ ಓದು, ತೀರ್ಮಾನ, ಉತ್ತರ ಕಳಿಸಿದ ದಿನ. ಅಂಕ ಕೊಡುವ ಪದ್ಧತಿ ಇಟ್ಟುಕೊಂಡಿಲ್ಲ. ಹತ್ತಕ್ಕೆ ಆರು ಬಂದ ಕವಿತೆಗಳೇ ರಾಶಿ ಬೀಳುತ್ತವೆ, ಯಾರಿಗೂ ಇಷ್ಟವೂ ಇರುವುದಿಲ್ಲ, ಬಿಡಲೂ ಮನಸ್ಸಿರುವುದಿಲ್ಲ. ‘ಹೌದು’, ‘ಇಲ್ಲ’, ‘ಮಾತಾಡೋಣ’ ಈ ಮೂರರಲ್ಲಿ ಒಂದು ಬರೆಯಬೇಕು. ಒಬ್ಬರ ‘ಹೌದು’ ಇನ್ನೊಬ್ಬರ ‘ಇಲ್ಲ’ಕ್ಕೆ ಸಿಕ್ಕರೆ ಮೂರನೆಯವರು ಓದುತ್ತಾರೆ. ಇಂಥ ಜಗಳ ಹಚ್ಚಿದ ಬರಹದಲ್ಲೇ ಸಾಮಾನ್ಯವಾಗಿ ಏನಾದರೂ ಹುರುಳಿರುತ್ತದೆ.

ಫೇಸ್‌ಬುಕ್ಕಿನಲ್ಲಿ ಮೊದಲೇ ಹಾಕಿದ ಕವಿತೆಯನ್ನು ಏನು ಮಾಡುವುದೆಂದು ಮೊದಲೇ ಬರೆದಿಡಿ. ತಮ್ಮದೇ ಗೋಡೆಯ ಮೇಲೆ ಹಾಕಿದ್ದನ್ನು ನಾವು ಪ್ರಕಟಣೆ ಎಂದು ಎಣಿಸುವುದಿಲ್ಲ. ಬೇರೆ ಪತ್ರಿಕೆ, ಬ್ಲಾಗು, ಸ್ಪರ್ಧೆಯ ಸಂಕಲನದಲ್ಲಿ ಬಂದಿದ್ದರೆ ಎಣಿಸುತ್ತೇವೆ. ಆಯ್ಕೆ ಮುಗಿದ ಮೇಲೆ ಕವಿತೆಯ ಎರಡು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿದರೆ ಹೆಚ್ಚಿನವು ಅಲ್ಲೇ ತಿಳಿಯುತ್ತವೆ, ಕದ್ದವೂ ಸೇರಿ.

ಉತ್ತರಕ್ಕೆ ಗಡುವು 45 ದಿನ. ಬೇಡ ಎನ್ನುವ ಪತ್ರದ ಮೊದಲ ಸಾಲಿನಲ್ಲೇ ವಿಷಯ ಇರಬೇಕು: ‘ಈ ಸಂಚಿಕೆಗೆ ನಿಮ್ಮ ಕವಿತೆಗಳನ್ನು ಆಯ್ದುಕೊಂಡಿಲ್ಲ.’ ‘ಸ್ಥಳಾಭಾವದಿಂದ’ ಎಂಬ ಹಳೆಯ ಮಾತನ್ನು ದಯವಿಟ್ಟು ಬರೆಯಬೇಡಿ, ವೆಬ್‌ಸೈಟಿನಲ್ಲಿ ಎಂಥ ಸ್ಥಳಾಭಾವ? ಎರಡೂ ಓದಿನಲ್ಲಿ ‘ಮಾತಾಡೋಣ’ ಎಂದಾಗಿದ್ದ ಬರಹಗಳಿಗೆ ಮಾತ್ರ ಎರಡು ಸಾಲು ಟಿಪ್ಪಣಿ ಸೇರಿಸುತ್ತೇವೆ. ಎಲ್ಲರಿಗೂ ಟಿಪ್ಪಣಿ ಕೊಡುತ್ತೇವೆಂದು ಮಾತು ಕೊಟ್ಟರೆ ಎರಡನೇ ತಿಂಗಳಿಗೇ ಅದು ಮುರಿಯುತ್ತದೆ.

ಆಯ್ದ ಮೇಲೆ ನಿಜವಾದ ಕೆಲಸ. ಹೊಸಬರ ಕತೆಗಳಲ್ಲಿ ಮತ್ತೆ ಮತ್ತೆ ಸಿಗುವ ಬಗೆಯ ಒಂದು ವಾಕ್ಯ ನೋಡಿ: ‘ಅವಳ ಕಣ್ಣಂಚಿನಲ್ಲಿ ಜಾರಿದ ಕಂಬನಿ ಮನದಾಳದ ನೋವನ್ನು ಸಾರಿ ಹೇಳುತ್ತಿತ್ತು.’ ಇದನ್ನು ನಾವೇ ತಿದ್ದಿ ಬರೆದರೆ ಅದು ನಮ್ಮ ವಾಕ್ಯವಾಗುತ್ತದೆ. ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯುತ್ತೇವೆ: ‘ಈ ಹೊತ್ತಿನಲ್ಲಿ ಅವಳ ಕೈ ಏನು ಮಾಡುತ್ತಿದೆ?’ ಮುಂದಿನ ಕರಡಿನಲ್ಲಿ ‘ಅವಳು ಅಕ್ಕಿ ಆರಿಸುತ್ತಲೇ ಇದ್ದಳು, ಕಲ್ಲನ್ನೂ ಅಕ್ಕಿಯನ್ನೂ ಒಂದೇ ಕಡೆ ಹಾಕುತ್ತಿದ್ದಳು’ ಎಂಥದ್ದೇನಾದರೂ ಬಂದರೆ ಕಂಬನಿಯ ಸಾಲನ್ನು ಬರೆದವರೇ ಹೊಡೆದುಹಾಕುತ್ತಾರೆ. ಗೂಗಲ್ ಡಾಕ್ಸ್‌ನ ಸಜೆಸ್ಟಿಂಗ್ ಮೋಡಿನಲ್ಲೇ ಎಲ್ಲ ತಿದ್ದುಪಡಿ, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಎರಡು ಸುತ್ತಿಗಿಂತ ಹೆಚ್ಚು ಎಳೆಯಬಾರದು. ಮೂರನೇ ಸುತ್ತಿಗೆ ಕತೆಯ ಜೀವ ಹೋಗಿರುತ್ತದೆ.

ಆಡುಮಾತಿನ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಧಾರವಾಡದ ‘ಹೊಂಟೇನಿ’, ಕುಂದಾಪುರದ ‘ಹ್ವಾಪ’, ಇವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸುವ ಚಟ ಸಂಪಾದಕರಿಗೆ ಸಹಜ. ನೋಡಬೇಕಾದದ್ದು ಒಂದೇ, ಒಂದೇ ಪಾತ್ರ ಒಂದೇ ಮಾತನ್ನು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಹೇಳುತ್ತಿದೆಯೇ ಎಂದು. ಆ ಸೀಮೆಯ ಒಬ್ಬರಿಂದ ಒಮ್ಮೆ ಓದಿಸಿದರೆ ಸಂಶಯ ತೀರುತ್ತದೆ.

ಇನ್ನು ಅಕ್ಷರ ಶುದ್ಧಿ. ಕನ್ನಡ ಪತ್ರಿಕೆಗೆ ಇದರಷ್ಟು ಸಮಯ ತಿನ್ನುವ ಕೆಲಸ ಇನ್ನೊಂದಿಲ್ಲ. ಮೇಷ್ಟರುಗಳು, ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸುವವರು ಈಗಲೂ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲೋ ಶ್ರೀಲಿಪಿಯಲ್ಲೋ ಕಳಿಸುತ್ತಾರೆ. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕಕ್ಕೆ ಹಾಕಿ, ಎಲ್ಲ ಯಂತ್ರದಲ್ಲೂ ಒಂದೇ ಥರ ಓದಿಸಿಕೊಳ್ಳುವ ಯೂನಿಕೋಡ್ ಮಾಡಬೇಕು, ಆದರೆ ಅಲ್ಲಿಗೆ ಮುಗಿಯುವುದಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ; ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವಿದರೆ ‘ಅರ್ಥ’ ಹೋಗಿ ‘ಅಥರ್’ ಆಗುತ್ತದೆ, ‘ಕರ್ನಾಟಕ’ ‘ಕನಾರ್ಟಕ’ವಾಗುತ್ತದೆ. ಪಿಡಿಎಫ್‌ನಿಂದ ನಕಲು ಮಾಡಿದರೂ ಇದೇ ಗತಿ, ಆದ್ದರಿಂದ ಪಿಡಿಎಫ್ ಬಂದರೆ ಮೂಲ ಫೈಲ್ ಕೇಳಿ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ‘ರ್’ ಆದಮೇಲೆ ಖಾಲಿ ಜಾಗ ಎಲ್ಲೆಲ್ಲಿದೆ ಎಂದು ಹುಡುಕಿದರೆ ‘ಅಥರ್’ ಜಾತಿಯವು ಸಿಕ್ಕಿಬೀಳುತ್ತವೆ. ‘ಸರ್’, ‘ಕಾರ್’ ಕೂಡ ಬರುತ್ತವೆ, ದಾಟಿಕೊಂಡು ಹೋಗಿ. ‘ಕನಾರ್ಟಕ’ಕ್ಕೆ ಮಾತ್ರ ಕಣ್ಣೇ ಗತಿ.

ಯೂನಿಕೋಡಿನಲ್ಲೇ ಬಂದದ್ದಕ್ಕೂ ಅದರದೇ ರೋಗಗಳಿವೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಒತ್ತಿ ‘ಸ೦ಜೆ’ ಎಂದು ಬರೆದಿರುತ್ತಾರೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಹುಡುಕಿದರೆ ‘ಸಂಜೆ’ ಸಿಗುವುದಿಲ್ಲ. ‘೦’ ಅನ್ನು ಹುಡುಕಿ ಒಂದೊಂದಾಗಿ ಬದಲಿಸಿ. ಒಟ್ಟಿಗೇ ಬದಲಿಸಿದರೆ ‘೨೦೧೦’ರಂಥ ಇಸವಿಗಳು ಕೆಡುತ್ತವೆ. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎರಡು ಚಿಹ್ನೆ ಜೋಡಿಸಿಯೂ ಬರೆಯಬಹುದು, ಕಾಣುವುದು ಒಂದೇ ರೀತಿ. ಇಡೀ ಪಠ್ಯವನ್ನು ಒಮ್ಮೆ ಇಂಥ ಎರಡು ಬಗೆಯನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಈ ತಾಪತ್ರಯ ತಪ್ಪುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರದ ಬಳಿಕ ಕಣ್ಣಿಗೆ ಕಾಣದ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಜೀರೊ ವಿಡ್ತ್ ನಾನ್ ಜಾಯ್ನರ್ ಎಂಬ ಸಂಕೇತ ಇರುತ್ತದೆ. ಪಠ್ಯ ಶುಚಿಮಾಡುವ ಕೆಲವು ಸಲಕರಣೆಗಳು ಅದನ್ನೂ ಕಸವೆಂದು ಗುಡಿಸಿಬಿಡುತ್ತವೆ, ಆಗ ‘ರಾಜ್ಕುಮಾರ್’ ಉಳಿಯುತ್ತದೆ.

ಪುಟವಿನ್ಯಾಸದಲ್ಲಿ ಮೊಬೈಲೇ ಅಳತೆಗೋಲು. ಅಕ್ಷರ 18ರಿಂದ 20 ಪಿಕ್ಸೆಲ್, ಸಾಲಿನ ಅಂತರ ಅದರ 1.8 ಪಟ್ಟು; ಇಂಗ್ಲಿಷಿಗೆ ಸಾಕಾಗುವ 1.5 ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕತೆಗೆ ನೋಟೊ ಸೆರಿಫ್ ಕನ್ನಡ ಅಥವಾ ತಿರೊ ಕನ್ನಡ, ಶೀರ್ಷಿಕೆಗೆ ಅನೇಕ್ ಕನ್ನಡ ಇಲ್ಲವೇ ಬಾಲೂ ತಮ್ಮ. ನಾಲ್ಕೂ ಮುಕ್ತ ಪರವಾನಗಿಯವು. ಕನ್ನಡಕ್ಕೆ ಇಟಾಲಿಕ್ ಹಾಕಬೇಡಿ, ಅಕ್ಷರ ವಾಲಿದಂತೆ ಕಾಣುತ್ತದೆಯೇ ಹೊರತು ಒತ್ತು ಸಿಗುವುದಿಲ್ಲ. ಎರಡೂ ಅಂಚನ್ನು ಸಮ ಮಾಡುವುದೂ ಬೇಡ. ನಮ್ಮ ಪದಗಳು ಉದ್ದ, ಸಣ್ಣ ಪರದೆಯಲ್ಲಿ ನಡುನಡುವೆ ದೊಡ್ಡ ಬಿಲ ಬೀಳುತ್ತವೆ. ಕವಿತೆಯ ಉದ್ದ ಸಾಲು ಫೋನಿನಲ್ಲಿ ಮಡಚಿಕೊಂಡಾಗ ಅದು ಹೊಸ ಸಾಲೋ ಹಳೆಯದರ ಬಾಲವೋ ತಿಳಿಯಬೇಕಲ್ಲ, ಅದಕ್ಕೆ ಪ್ರತಿ ಸಾಲಿಗೂ ಎಡಗಡೆ ಎರಡು ಅಕ್ಷರದಷ್ಟು ಜಾಗ ಬಿಟ್ಟು, ಮೊದಲ ತುಂಡನ್ನು ಮಾತ್ರ ಅಷ್ಟೇ ಹಿಂದಕ್ಕೆ ಎಳೆಯಬೇಕು. ಪುಟದ ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲೇ ಇಡಿ. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ತಾಣ ಕಟ್ಟಿದ್ದರೆ ಅದು 200 ಅಕ್ಷರಕ್ಕೆ ಕತ್ತರಿ ಹಾಕುತ್ತದೆ, ವಾಟ್ಸಾಪಿನಲ್ಲಿ ಹಂಚಿಕೊಂಡಾಗ ಪರದೆಯ ತುಂಬ ಶೇಕಡಾ ಚಿಹ್ನೆಗಳೇ.

ಚಿತ್ರ ಕಳಿಸುವವರಿಗೆ ಹೇಳಬೇಕಾದ ಮೊದಲ ಮಾತು, ವಾಟ್ಸಾಪಿನಲ್ಲಿ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ ಎಂದು. ಉದ್ದದ ಬದಿ ಕನಿಷ್ಠ 2,000 ಪಿಕ್ಸೆಲ್ ಇರಲಿ. ಪೆನ್ಸಿಲ್ ಚಿತ್ರವನ್ನು ಫ್ಲ್ಯಾಶ್ ಇಲ್ಲದೆ, ಬಿಸಿಲು ನೇರ ಬೀಳದ ಹಗಲು ಬೆಳಕಿನಲ್ಲಿ, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು ತೆಗೆಯಬೇಕು. ವೆಬ್ಬಿಗೆ 1,600 ಪಿಕ್ಸೆಲ್, 300 ಕೆಬಿಯ ಒಳಗೆ, ಬಣ್ಣ ಪರದೆಗಳ ಸಾಮಾನ್ಯ ಮಾನಕವಾದ ಎಸ್‌ಆರ್‌ಜಿಬಿಯಲ್ಲಿ. ಕಲಾವಿದರ ಚಿತ್ರವನ್ನು ಕತೆಗೆ ಅಲಂಕಾರವಾಗಿ ಕತ್ತರಿಸಿ ಬಳಸುವುದು ನಮ್ಮಲ್ಲಿಲ್ಲ. ಚಿತ್ರಕ್ಕೆ ಅದರದೇ ಪುಟ, ಮಾಧ್ಯಮ ಮತ್ತು ಅಳತೆ ಕೆಳಗೆ.

ಹಕ್ಕಿನ ವಿಷಯ ಒಂದು ಪುಟದ ಪತ್ರದಲ್ಲಿ ಮುಗಿಯುತ್ತದೆ, ಆದರೆ ಪತ್ರ ಇರಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ತಿಳಿಯಲಾಗುತ್ತದೆ. ನಾವು ಕೇಳುವುದು ಮೊದಲ ಪ್ರಕಟಣೆ, 90 ದಿನ ಬೇರೆಲ್ಲೂ ಹಾಕದಿರುವುದು, ಆಮೇಲೆ ಜಾಲತಾಣದಲ್ಲಿ ಉಳಿಸಿಕೊಳ್ಳುವ ಅನುಮತಿ. ಕೃತಿಸ್ವಾಮ್ಯ ಬರೆದವರದೇ. ಅನುವಾದಗಳಲ್ಲಿ ಜಾಗ್ರತೆ ಹೆಚ್ಚು ಬೇಕು. ನಮ್ಮಲ್ಲಿ ಹಕ್ಕು ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ರಷ್ಯದ ಕತೆಗಾರ ಚೆಕಾಫ್ ತೀರಿಕೊಂಡದ್ದು 1904ರಲ್ಲಿ, ಹಾಗಾಗಿ ತೊಂದರೆಯಿಲ್ಲ ಅನ್ನಿಸುತ್ತದೆ. ಆದರೆ ನಮ್ಮ ಅನುವಾದಕರಲ್ಲಿ ಹೆಚ್ಚಿನವರು ಇಂಗ್ಲಿಷಿನ ಮೂಲಕ ಅನುವಾದಿಸುವವರು. 1946ರಲ್ಲಿ ತೀರಿಕೊಂಡ ಕಾನ್‌ಸ್ಟನ್ಸ್ ಗಾರ್ನೆಟ್ ಅವರ ಇಂಗ್ಲಿಷ್ ಪಠ್ಯವಾದರೆ ಸರಿ, ನಿನ್ನೆ ಮೊನ್ನೆಯ ಇಂಗ್ಲಿಷ್ ಅನುವಾದವಾದರೆ ಅದರ ಹಕ್ಕುದಾರರನ್ನು ಕೇಳಬೇಕು. ಯಾವ ಪಠ್ಯದಿಂದ ಅನುವಾದಿಸಿದ್ದೀರಿ ಎಂಬ ಪ್ರಶ್ನೆಗೆ ಉತ್ತರ ಬರದೆ ನಾವು ಓದಲೂ ಶುರುಮಾಡುವುದಿಲ್ಲ.

ಸಂಭಾವನೆ ಕವಿತೆಗೆ 300, ಕತೆಗೆ 750 ರೂಪಾಯಿ, ಪ್ರಕಟವಾದ ವಾರದೊಳಗೆ ಯುಪಿಐ ಮೂಲಕ. ಸಣ್ಣ ಮೊತ್ತ ನಿಜ. ಆದರೆ ಕೊಡುವ ದುಡ್ಡು ಸಂಚಿಕೆಯ ಗಾತ್ರಕ್ಕೂ ಕಡಿವಾಣ ಹಾಕುತ್ತದೆ, ‘ಇದೊಂದು ಇರಲಿ ಬಿಡಿ’ ಎಂದು ಸೇರಿಸುವ ಚಪಲ ಕಡಿಮೆಯಾಗುತ್ತದೆ. ಬರಹಗಾರರಿಂದ ಶುಲ್ಕ ತೆಗೆದುಕೊಳ್ಳುವ ಪತ್ರಿಕೆಗೆ ಕಳಿಸಬೇಡಿರೆಂದೇ ಹೊಸಬರಿಗೆ ಹೇಳುತ್ತೇವೆ. ಕಾಲೇಜು ಅಧ್ಯಾಪಕರು ಐಎಸ್‌ಎಸ್‌ಎನ್ ಇದೆಯೇ ಎಂದು ಕೇಳುತ್ತಾರೆ. ಅದು ದೆಹಲಿಯಲ್ಲಿರುವ ಅದರ ರಾಷ್ಟ್ರೀಯ ಕೇಂದ್ರದಿಂದ ಉಚಿತವಾಗಿ ಸಿಗುತ್ತದೆ, ಪತ್ರಿಕೆಯನ್ನು ಗುರುತಿಸುವ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ.

ಸಂಚಿಕೆ ಹೊರಬಂದ ದಿನವೇ ಪ್ರತಿ ಪುಟವನ್ನೂ, ಜಾಲಪುಟಗಳ ಪ್ರತಿ ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೆ ಸೇರಿಸಿ, ಇಡೀ ಸಂಚಿಕೆಯ ಇ-ಪುಸ್ತಕ (ಇಪಬ್) ಮಾಡಿ ಬರೆದವರಿಗೆಲ್ಲ ಕಳಿಸುತ್ತೇವೆ. ಡೊಮೇನ್ ನವೀಕರಿಸದೆ ಮಾಯವಾದ ಕನ್ನಡ ತಾಣಗಳು ಬೇಕಾದಷ್ಟಿವೆ, ಅವುಗಳ ಜೊತೆ ಅಲ್ಲಿ ಬರೆದವರ ಮೊದಲ ಕತೆಗಳೂ ಹೋದವು. ಡೊಮೇನನ್ನು ಒಮ್ಮೆಗೇ ಐದು ವರ್ಷಕ್ಕೆ ಕಟ್ಟಬಹುದು. ನೆನಪೋಲೆ ಇಬ್ಬರ ಇಮೇಲಿಗೆ ಬರುವಂತಿರಬೇಕು, ಪಾಸ್‌ವರ್ಡ್ ಮೂವರ ಬಳಿಯೂ ಇರಬೇಕು.